ಕಿಸೆಯ ಚಾಕು, ಸೊಂಟದ ರಿವಾಲ್ವರ್, ಅಪ್ಪನ ಕೋವಿ

ಪ್ರಶ್ನೆ: ಮುಂಬಯಿಯ ಗೋರೆಗಾಂವ್‌ನಲ್ಲಿ ನನ್ನದೊಂದು ಸಣ್ಣ ಹೋಟೆಲು. ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದು, ಗಲ್ಲಾದ ಹಣ ಚೀಲಕ್ಕೆ ಹಾಕಿಕೊಂಡು ಸ್ಕೂಟರಿನಲ್ಲಿ ಮನೆಗೆ ಹೋಗುತ್ತೇನೆ. ಹೋದ ತಿಂಗಳು ನಮ್ಮ ಗಲ್ಲಿಯಲ್ಲೇ ಒಬ್ಬರ ಚೀಲ ಕಸಿದರು. ಅಂದಿನಿಂದ ಮನೆಯವಳಿಗೆ ನಿದ್ದೆ ಇಲ್ಲ. ಗೋವಾಕ್ಕೆ ಹೋಗಿದ್ದ ಮಗ, ಗುಂಡಿ ಒತ್ತಿದರೆ ಟಪ್ಪೆಂದು ತೆರೆಯುವ ಚಾಕು ತಂದು "ಪಪ್ಪಾ, ಕಿಸೆಯಲ್ಲಿರಲಿ" ಎಂದು ಕೊಟ್ಟಿದ್ದಾನೆ. ಇಟ್ಟುಕೊಳ್ಳಬಹುದೇ? ಇಲ್ಲದಿದ್ದರೆ ಎಂಥ ಚಾಕು ಒಳ್ಳೆಯದು? ರಿವಾಲ್ವರ್ ಲೈಸೆನ್ಸಿಗೆ ಅರ್ಜಿ ಹಾಕಲೇ? ಊರಲ್ಲಿ, ಕುಂದಾಪುರದ ಹತ್ತಿರ, ಅಪ್ಪನ ಕೋವಿಯೊಂದು ಇದೆ. ಅದನ್ನೇ ಇಲ್ಲಿಗೆ ತಂದರೆ ಆಗುವುದಿಲ್ಲವೇ?

ಉತ್ತರ: ಶೆಟ್ಟರೇ, ಮೊದಲು ಮಗ ತಂದ ಚಾಕುವಿನ ವಿಷಯ ಮುಗಿಸಿಬಿಡೋಣ. ಅದನ್ನು ಇವತ್ತೇ ಕಿಸೆಯಿಂದ ತೆಗೆದಿಡಿ. ಹುಡುಗನಿಗೆ ಬೈಯಬೇಡಿ, ಪ್ರೀತಿಯಿಂದ ತಂದಿದ್ದಾನೆ. ಆದರೆ ರಾತ್ರಿ ನಾಕಾಬಂದಿಯಲ್ಲಿ ಹವಾಲ್ದಾರರು ಅದನ್ನು ಕೈಗೆ ತೆಗೆದುಕೊಂಡು ಗುಂಡಿ ಒತ್ತಿ, "ಸೇಟ್, ಇದರಲ್ಲಿ ನೀವು ಏನು ಹೆಚ್ಚುತ್ತೀರಿ?" ಎಂದು ಕೇಳಿದರೆ ನಿಮ್ಮಲ್ಲಿ ಉತ್ತರವಿಲ್ಲ. ಈರುಳ್ಳಿ ಹೆಚ್ಚುವ ಚಾಕುವಿಗೆ ಸ್ಪ್ರಿಂಗ್ ಬೇಕಾಗುವುದಿಲ್ಲ ಎಂಬುದು ಅವರಿಗೂ ಗೊತ್ತು.

ಕಾನೂನು ಏನನ್ನುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ "ಒಂಬತ್ತು ಇಂಚಿನ ಒಳಗಿದ್ದರೆ ಏನೂ ತೊಂದರೆಯಿಲ್ಲ" ಎಂಬ ಅರ್ಧ ಸತ್ಯ ನಮ್ಮವರ ನಡುವೆ ಬಹಳ ಓಡಾಡುತ್ತಿದೆ. ಅದು ಹುಟ್ಟಿದ್ದು ಶಸ್ತ್ರಾಸ್ತ್ರ ನಿಯಮಗಳಿಂದ. 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗೆ 1962ರಲ್ಲಿ ಬಂದ ನಿಯಮಗಳಲ್ಲೂ, ಅವುಗಳ ಜಾಗಕ್ಕೆ ಬಂದ 2016ರ ನಿಯಮಗಳಲ್ಲೂ ಐದನೆಯ ವರ್ಗ ಎಂದು ಒಂದಿದೆ. ಕತ್ತಿ, ಬಾಕು, ಭರ್ಜಿ, ಊರುಗೋಲಿನೊಳಗೆ ಅಡಗಿಸಿದ ಕತ್ತಿ, ಮತ್ತೆ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳು ಅದರಲ್ಲಿ ಬರುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ, ಕಾರ್ಖಾನೆಗೆಂದು ಮಾಡಿದವುಗಳಿಗೆ ವಿನಾಯಿತಿ ಇದೆ. ಹಾಗಾಗಿಯೇ ನಿಮ್ಮ ಅಡುಗೆಮನೆಯ ಹತ್ತು ಇಂಚಿನ ಚಾಕುವಿಗೂ, ಎಳನೀರು ಕೆತ್ತುವವನ ಕತ್ತಿಗೂ ಲೈಸೆನ್ಸ್ ಕೇಳುವುದಿಲ್ಲ.

ಇಷ್ಟು ಕೇಳಿ ಜನ ಸಮಾಧಾನಪಡುತ್ತಾರೆ. ಆದರೆ ಮಹಾರಾಷ್ಟ್ರದಲ್ಲಿ 1951ರ ಪೊಲೀಸ್ ಕಾಯಿದೆ ಇದೆ, ಹಿಂದೆ ಬಾಂಬೆ ಪೊಲೀಸ್ ಕಾಯಿದೆ ಎನ್ನುತ್ತಿದ್ದುದು. ಅದರ 37(1)ನೇ ಕಲಂ ಪ್ರಕಾರ ಕಮಿಷನರರು ಸಾರ್ವಜನಿಕ ಸ್ಥಳದಲ್ಲಿ ಆಯುಧ ಒಯ್ಯುವುದನ್ನು ನಿಷೇಧಿಸಿ ಆದೇಶ ಹೊರಡಿಸಬಹುದು. ಅದರ ಪಟ್ಟಿಯಲ್ಲಿ ಖಡ್ಗ, ಬಂದೂಕಿನ ಜೊತೆಗೆ ಚಾಕು, ದೊಣ್ಣೆ, ಲಾಠಿಯೂ ಇವೆ. ಕೊನೆಗೆ "ದೈಹಿಕ ಹಿಂಸೆಗೆ ಬಳಸಬಹುದಾದ ಬೇರೆ ಯಾವುದೇ ವಸ್ತು" ಎಂದೂ ಸೇರಿಸಿದ್ದಾರೆ. ಇಂಚಿನ ಲೆಕ್ಕ ಅಲ್ಲಿಲ್ಲ. ಗಣಪತಿ ಹಬ್ಬ, ಚುನಾವಣೆ, ಮೋರ್ಚಾ ಎಂದು ಇಂಥ ಆದೇಶ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುವುದು ಮುಂಬಯಿ, ಪುಣೆಗಳಲ್ಲಿ ವಾಡಿಕೆ. ಮೀರಿದರೆ 135ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು. ಇಲ್ಲಿನ ಮರಾಠಿ ಪತ್ರಿಕೆಗಳ ಅಪರಾಧ ಸುದ್ದಿ ಓದುವವರಾದರೆ "ಆರ್ಮ್ಸ್ ಆ್ಯಕ್ಟ್ 4, 25, ಪೊಲೀಸ್ ಕಾಯಿದೆ 37(1) ಸಹ 135" ಎಂಬ ಸಾಲು ನಿಮಗೆ ಬಾಯಿಪಾಠವಾಗಿರಬೇಕು. ಪುಣೆಯಲ್ಲಂತೂ ಕೋಯ್ತಾ ಹಿಡಿದು ತಿರುಗುವ ಹುಡುಗರ ಹಾವಳಿ ಆದಮೇಲೆ ಪೊಲೀಸರ ಕಣ್ಣು ಇನ್ನೂ ಚುರುಕಾಗಿದೆ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ, ಅಪ್ಪಟ ಬೇಸಾಯದ ಸಾಧನ. ಗದ್ದೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ನಡುರಾತ್ರಿ ಬೈಕಿನ ಸೀಟಿನ ಕೆಳಗೆ ಇದ್ದರೆ ವಿನಾಯಿತಿಯ ಮಾತು ಯಾರೂ ಕೇಳುವುದಿಲ್ಲ.

ಊರು ಬದಲಾದರೆ ನಿಯಮವೂ ಬದಲಾಗುತ್ತದೆ. ಗೋವಾಕ್ಕೆ ಮಹಾರಾಷ್ಟ್ರದ ಪೊಲೀಸ್ ಕಾಯಿದೆ ಅನ್ವಯಿಸುವುದಿಲ್ಲ, ಅಲ್ಲಿ ಜಿಲ್ಲಾಧಿಕಾರಿಗಳ ನಿಷೇಧಾಜ್ಞೆಯೇ ಮುಖ್ಯ. ದೆಹಲಿಯಲ್ಲಿ ಗುಂಡಿಚಾಕುಗಳ ಮೇಲೆ 1980ರ ಪ್ರತ್ಯೇಕ ಅಧಿಸೂಚನೆಯೇ ಇದೆ. ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದರೆ ಸಾಕು, ಅದರ ಹಿಡಿತಕ್ಕೆ ಬರುತ್ತದೆ. ಮಗ ಆ ಚಾಕುವನ್ನು ಕೊಂಕಣ ರೈಲಿನಲ್ಲಿ ತಂದಿರಬೇಕು. ವಿಮಾನದಲ್ಲಿ ಕೈಚೀಲದಲ್ಲಿಟ್ಟಿದ್ದರೆ ದಾಬೋಲಿಯಲ್ಲೋ ಮೋಪಾದಲ್ಲೋ ತಪಾಸಣೆಯವರೇ ತೆಗೆದಿಟ್ಟುಕೊಳ್ಳುತ್ತಿದ್ದರು, ನಿಮಗೆ ಈ ಪತ್ರ ಬರೆಯುವ ಕೆಲಸ ಉಳಿಯುತ್ತಿತ್ತು.

ಇನ್ನು, ಯಾವ ಚಾಕು. ಇದು ನನ್ನ ಇಷ್ಟದ ವಿಷಯ. ಸೇನೆಯಲ್ಲಿ ಬಂದೂಕು ರಿಪೇರಿಯ ಕೆಲಸದಲ್ಲಿ ತಲೆ ನರೆಯಿತು, ಆದರೆ ದಿನವೂ ಕೈಯಲ್ಲಿದ್ದದ್ದು ಬಂದೂಕಲ್ಲ, ಮಡಚುವ ಒಂದು ಸಣ್ಣ ಚಾಕು. ಈಗ ಪುಣೆಯ ಖಡಕಿಯಲ್ಲಿ ನಿವೃತ್ತ ಜೀವನ. ಅದೇ ಚಾಕುವಿನಲ್ಲಿ ಮಾವಿನಹಣ್ಣು ಹೆಚ್ಚುತ್ತೇನೆ, ಕೊರಿಯರ್ ಡಬ್ಬಿ ಬಿಚ್ಚುತ್ತೇನೆ, ಮೊಮ್ಮಗಳ ಪೆನ್ಸಿಲ್ ಚೂಪು ಮಾಡುತ್ತೇನೆ.

ನಿಮ್ಮ ಕೆಲಸ ಏನೆಂದು ಯೋಚಿಸಿ: ಅಕ್ಕಿ ಮೂಟೆಯ ಹೊಲಿಗೆ ಬಿಚ್ಚುವುದು, ಬಾಳೆ ಎಲೆಯ ಕಟ್ಟಿನ ಹಗ್ಗ ಕತ್ತರಿಸುವುದು, ಎಣ್ಣೆ ಡಬ್ಬದ ಪೆಟ್ಟಿಗೆಯ ಟೇಪು, ಹಾಲಿನ ಪಾಕೀಟು. ಇವಕ್ಕೆಲ್ಲ ಎರಡೂವರೆ ಇಂಚಿನ ಅಲಗು ಬೇಕಾದಷ್ಟಾಯಿತು. ನಾನು ಹೇಳುವುದು ಬೀಗವಿಲ್ಲದ (ತೆರೆದ ಅಲಗನ್ನು ಕಚ್ಚಿ ಹಿಡಿಯುವ ಕೊಂಡಿ ಇಲ್ಲದ), ಬೆನ್ನಿನ ಪಟ್ಟಿಯ ಬಿಗಿತದಿಂದಲೇ ನಿಲ್ಲುವ, ಉಗುರಿನಿಂದ ಎಳೆದು ತೆರೆಯುವ ಹಳೆಯ ಮಾದರಿಯ ಚಾಕು. ಸ್ವಿಸ್ ವಿಕ್ಟೋರಿನಾಕ್ಸ್‌ನವರ ಕೆಂಪು ಹಿಡಿಯದು ನೋಡಿರುತ್ತೀರಿ, ಆ ಮಾದರಿ. ಅದರ 91 ಮಿ.ಮೀ. ಹಿಡಿಯ ಚಾಕುವಿನಲ್ಲಿ ಡಬ್ಬ ತೆರೆಯುವುದು, ಸ್ಕ್ರೂಡ್ರೈವರು, ಕತ್ತರಿ ಎಲ್ಲ ಸೇರಿ ಬರುತ್ತವೆ. 58 ಮಿ.ಮೀ.ಯ ಕಿರಿಯದು ಬೀಗದ ಕೈ ಗೊಂಚಲಿಗೇ ಸಿಕ್ಕಿಸಿಕೊಳ್ಳುವಂಥದ್ದು. ಎರಡೂ ಸಾಧನವೆಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ನಾಕಾಬಂದಿಯ ಟಾರ್ಚಿನ ಬೆಳಕಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಹಾಗೆಂದು ನಿಷೇಧಾಜ್ಞೆ ಇರುವಾಗ, ಮೆರವಣಿಗೆಯಲ್ಲಿ, ಸಭೆಯಲ್ಲಿ, ಮೆಟ್ರೊದಲ್ಲಿ ಇದನ್ನೂ ಒಯ್ಯಬೇಡಿ. ಹೋಟೆಲಿನ ಡ್ರಾಯರಿನಲ್ಲೇ ಇರಲಿ. ನನ್ನ ಕೇಳಿದರೆ ಅದರ ಕಾಯಂ ಜಾಗವೇ ಡ್ರಾಯರು.

ಬೀಗವಿರುವ ಚಾಕುವನ್ನು ನಾನು ನಿಮಗೆ ಹೇಳದಿರಲು ಇನ್ನೊಂದು ಕಾರಣವೂ ಇದೆ. ಅಗ್ಗದ ಚಾಕುಗಳ ಬೀಗವನ್ನು ನಂಬಿ ಜನ ಬೆರಳು ಕಳೆದುಕೊಂಡದ್ದನ್ನು ನೋಡಿದ್ದೇನೆ. ಅಲಗಿನ ಹಿಂದೆ ಒಂದು ತೆಳು ತಗಡು ಬಂದು ಒತ್ತಿ ನಿಲ್ಲುತ್ತದಲ್ಲ, ಅದು ಸವೆದರೆ ಅಥವಾ ಅದರ ಮಧ್ಯೆ ಹಿಟ್ಟು, ಜಿಡ್ಡು ತುಂಬಿದರೆ ಬೀಗ ಬಿದ್ದಂತೆ ಕಾಣುತ್ತದೆ, ಬಿದ್ದಿರುವುದಿಲ್ಲ. ಬೀಗವೇ ಇಲ್ಲದ ಚಾಕುವನ್ನು ಹಿಡಿದವನು ಮೊದಲಿನಿಂದಲೂ ಜಾಗ್ರತೆಯಾಗಿರುತ್ತಾನೆ: ತುದಿಯಿಂದ ಚುಚ್ಚುವುದಿಲ್ಲ, ಎಳೆದು ಮಾತ್ರ ಕೊಯ್ಯುತ್ತಾನೆ.

ಉಕ್ಕಿನ ಮಾತು. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ನನಗೆ ಅದೇ ಹೆಚ್ಚು ಇಷ್ಟ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ನೀರು, ಉಪ್ಪು ಎರಡೂ ಇರುತ್ತವೆ. ಹೋಟೆಲಿನಲ್ಲಿ ಅದಕ್ಕೆ ಹುಣಸೆಹುಳಿ, ನಿಂಬೆ ಸೇರಿದರೆ ಒಂದೇ ರಾತ್ರಿಯಲ್ಲಿ ಕಿಲುಬು. ನೀವು ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಮರದ ಹಿಡಿಯ ಆಸೆಯೂ ಬೇಡ. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಚಾಕು ನೋಡಲು ಬಲು ಚೆಂದ, ತೂಕವೂ ಕಡಿಮೆ. ನನ್ನ ಹತ್ತಿರ ಒಂದಿದೆ. ಆದರೆ ಅದರ ಬೀಚ್ ಮರದ ಹಿಡಿ ತೇವ ಕುಡಿದು ಉಬ್ಬುತ್ತದೆ, ಆಗ ಅಲಗು ಹಿಡಿಯೊಳಗೆ ಸಿಕ್ಕಿಕೊಂಡು ಹೊರಗೆ ಬರುವುದೇ ಇಲ್ಲ. ಒಂದು ಆಷಾಢದಲ್ಲಿ ಮಡಗಾಂವ್‌ನ ನೆಂಟರ ಮನೆಯಲ್ಲಿ ಹಲಸಿನ ತೊಳೆ ಬಿಡಿಸೋಣವೆಂದು ತೆಗೆದೆ. ಚಾಕು ತೆರೆಯಲೇ ಇಲ್ಲ. ಮನೆಯೊಡತಿ ನಗುತ್ತಾ ಮೆಟ್ಟುಗತ್ತಿ ತಂದು ಕೂತರು, ನನ್ನ ಫ್ರೆಂಚ್ ಚಾಕು ಎರಡು ದಿನ ಒಲೆಯ ಪಕ್ಕ ಒಣಗಿತು.

ಹರಿತ ಮಾಡುವುದನ್ನು ಕಲಿಯಿರಿ. ಮೊಂಡು ಚಾಕುವೇ ಅಪಾಯ. ಬಲ ಹಾಕಿ ಒತ್ತುತ್ತೀರಿ, ಜಾರುತ್ತದೆ, ಇನ್ನೊಂದು ಕೈಗೆ ಹೋಗಿ ಕೂರುತ್ತದೆ. ಕಿಸೆಯ ಚಾಕುವಿಗೆ ಒಂದೊಂದು ಬದಿಗೆ ಸುಮಾರು 20 ಡಿಗ್ರಿ ಕೋನ ಸಾಕು. ಕೋನಮಾಪಕ ಬೇಕಿಲ್ಲ. ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಅದರ ಬೆನ್ನನ್ನು ಕಲ್ಲಿನಿಂದ ಮೇಲೆತ್ತಿದರೆ 20 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ಅಲಗು 15 ಮಿ.ಮೀ. ಅಗಲವಿದ್ದರೆ 5 ಮಿ.ಮೀ. ಎತ್ತಿ. ಸಾಣೆಕಲ್ಲು ಒದ್ದೆಯಿರಲಿ, ಒಂದು ಬದಿ ಉಜ್ಜಿದ ಮೇಲೆ ಇನ್ನೊಂದು ಬದಿಯಲ್ಲಿ ಉದ್ದಕ್ಕೂ ಸಣ್ಣ ತರಿ ಬೆರಳಿಗೆ ಹತ್ತಿದಾಗ ತಿರುಗಿಸಿ. ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯಬೇಡಿ, ಅಡ್ಡಕ್ಕೆ ಸವರಿ. ಸೈಕಲ್ ಚಕ್ರದ ಸಾಣೆಯವರು ಗಲ್ಲಿಗೆ ಬಂದಾಗ ಅಡುಗೆಮನೆಯ ದಪ್ಪ ಚಾಕು ಕೊಡಿ, ಸಣ್ಣದನ್ನು ಕೊಡಬೇಡಿ. ಒಣ ಚಕ್ರದ ಕಾವಿಗೆ ತೆಳುವಾದ ಅಂಚು ನೀಲಿಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತೆಂದೇ ಲೆಕ್ಕ. ಚಾಕು ಮಡಚುವ ಕೀಲಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮ ಕರಾವಳಿಯವರಿಗೆಲ್ಲ ಇದೆ. ಬೇಡ, ಅದು ದಿನ ಕಳೆದಂತೆ ಅಂಟಾಗಿ ಕೂರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಬಿಡಿ. ಹಣ್ಣು ಹೆಚ್ಚಿದರೂ ಹೊಟ್ಟೆಗೆ ತೊಂದರೆಯಿಲ್ಲ.

ಗಮನಿಸಿದಿರಾ, ಇಷ್ಟು ಹೊತ್ತು ಚಾಕುವಿನ ಬಗ್ಗೆ ಮಾತಾಡಿದರೂ ಕಳ್ಳನ ಸುದ್ದಿ ಬರಲಿಲ್ಲ. ಬೇಕೆಂದೇ ಬಿಟ್ಟೆ. ಚೀಲ ಕಸಿಯುವವನ ಎದುರು ಚಾಕು ತೆಗೆಯುವ ವಿಚಾರ ನಿಮ್ಮ ತಲೆಯಲ್ಲಿದ್ದರೆ ಚಾಕುವನ್ನೇ ಕೊಳ್ಳಬೇಡಿ. ಅವರು ಬರುವುದು ಇಬ್ಬರು, ಮೂವರು, ಬೈಕಿನ ಮೇಲೆ. ನಿಮ್ಮ ಎರಡೂ ಕೈ ಸ್ಕೂಟರಿನ ಹ್ಯಾಂಡಲ್ ಮೇಲೆ ಇರುತ್ತವೆ. ಚಾಕು ತೆರೆದ ಕ್ಷಣದಿಂದ ಅದು ಹಣದ ಜಗಳವಾಗಿ ಉಳಿಯುವುದಿಲ್ಲ. ಆತ್ಮರಕ್ಷಣೆಯ ಹಕ್ಕು ನಿಮಗಿದೆ, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಅದನ್ನೇ ಹೇಳುತ್ತವೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಎಂಬ ಮಿತಿಯೂ ಅಲ್ಲೇ ಇದೆ. ಚೀಲ ಕಿತ್ತು ಓಡುತ್ತಿರುವವನ ಬೆನ್ನಿಗೆ ಇರಿದರೆ ಆಮೇಲೆ ಕೋರ್ಟಿನಲ್ಲಿ ಉತ್ತರ ಹೇಳಬೇಕಾದವರು ನೀವು. ಖಾರದ ಸ್ಪ್ರೇಗೆ ಲೈಸೆನ್ಸ್ ಬೇಡ ನಿಜ, ಆದರೂ ಅದೂ ಆಟದ ಸಾಮಾನಲ್ಲ. ಜೀವಕ್ಕೆ ತಕ್ಷಣದ ಅಪಾಯವಿಲ್ಲದ ಜಗಳದಲ್ಲಿ ಅದನ್ನು ಬಳಸಿದವರ ಮೇಲಿನ ಪ್ರಕರಣವನ್ನು ರದ್ದು ಮಾಡಲು ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಪ್ಪಲಿಲ್ಲ.

ಹಣದ ದಾರಿಯನ್ನು ಬದಲಿಸಿ. ಗಿರಾಕಿಗಳು ಮೊಬೈಲಿನಲ್ಲೇ ಹಣ ಹಾಕುವ ಕಾಲ, ಉಳಿದ ನಗದನ್ನು ಸಂಜೆ ಏಳಕ್ಕೊಮ್ಮೆ ಬ್ಯಾಂಕಿನ ಜಮಾ ಯಂತ್ರಕ್ಕೆ ಹಾಕಿಸಿ. ರಾತ್ರಿಯದು ಹೋಟೆಲಿನಲ್ಲೇ, ನೆಲಕ್ಕೆ ಬೋಲ್ಟ್ ಹಾಕಿದ ತಿಜೋರಿಯಲ್ಲಿರಲಿ. ಕೈಯಲ್ಲಿ ಚೀಲವೇ ಇಲ್ಲದೆ ಹೊರಡಿ, ಅದು ನಾಲ್ಕು ದಿನ ಎಲ್ಲರಿಗೂ ಕಾಣಲಿ. ದಿನವೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹೋಗಬೇಡಿ. ಪೊಲೀಸ್ ಠಾಣೆಗೆ ಒಮ್ಮೆ ಹೋಗಿ ರಾತ್ರಿ ಗಸ್ತಿನವರ ಪರಿಚಯ ಮಾಡಿಕೊಳ್ಳಿ.

ಈಗ ರಿವಾಲ್ವರ್. ಅರ್ಜಿ ಹಾಕುವ ಹಕ್ಕು ನಿಮಗಿದೆ. ಮುಂಬಯಿಯಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರರು. ಕಮಿಷನರೇಟ್ ಇಲ್ಲದ ಕಡೆ ಜಿಲ್ಲಾಧಿಕಾರಿ. ವಯಸ್ಸು 21 ಆಗಿರಬೇಕು. ಅರ್ಜಿಯ ಜೊತೆ ವೈದ್ಯಕೀಯ ಪ್ರಮಾಣಪತ್ರ, ಆಯುಧ ಬಳಕೆಯ ತರಬೇತಿಯ ಪ್ರಮಾಣಪತ್ರ, ಆಮೇಲೆ ಠಾಣೆಯ ವರದಿ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ. 2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧ ಮೂರರಿಂದ ಎರಡಕ್ಕೆ ಇಳಿಯಿತು. ಆದರೆ "ಗಲ್ಲಿಯಲ್ಲಿ ಯಾರದೋ ಚೀಲ ಹೋಯಿತು" ಎಂಬುದಷ್ಟೇ ಕಾರಣವಾದರೆ ಅರ್ಜಿ ಮುಂದಕ್ಕೆ ಹೋಗುವುದು ಕಷ್ಟ. ನಿಮಗೇ ಬಂದ ಬೆದರಿಕೆ, ದಾಖಲಾದ ದೂರು, ಅಂಥದ್ದೇನಾದರೂ ಬೇಕು.

ಸಿಕ್ಕಿತೆಂದೇ ಇಟ್ಟುಕೊಳ್ಳಿ. 9 ಮಿ.ಮೀ., .38, .45 ಇವೆಲ್ಲ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ), ನಮ್ಮ ನಿಮ್ಮಂಥವರಿಗೆ ಇಲ್ಲ. ಸಾಮಾನ್ಯವಾಗಿ ಸಿಗುವುದು .32. ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ 2014ರಲ್ಲಿ ಬಂದ 'ನಿರ್ಭೀಕ್' ಈ ಬೋರಿನದು, ಅರ್ಧ ಕಿಲೋ ತೂಕ, ಆಗಲೇ ಲಕ್ಷ ರೂಪಾಯಿಗೆ ಮೇಲಿತ್ತು. ಗುಂಡುಗಳೂ ಬೇಕಾದಷ್ಟು ಸಿಗುವುದಿಲ್ಲ. ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಆ ಲೆಕ್ಕದಲ್ಲಿ ಅಭ್ಯಾಸ ಎಲ್ಲಿಂದ ಮಾಡುತ್ತೀರಿ? ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲೇ ಬರೆದದ್ದಿದೆ: ಚಾಕು ಹಿಡಿದವನು 21 ಅಡಿ ಓಡಿ ಬರಲು ಸುಮಾರು ಒಂದೂವರೆ ಸೆಕೆಂಡು ಸಾಕು, ಪಳಗಿದ ಪೊಲೀಸನಿಗೆ ಪಿಸ್ತೂಲು ತೆಗೆದು ಹಾರಿಸಲೂ ಅಷ್ಟೇ ಹೊತ್ತು ಬೇಕು. ನಿಮ್ಮ ಗಲ್ಲಿಯಲ್ಲಿ ಚೀಲ ಕಸಿಯುವವನು ಒಂದು ಮೊಳ ದೂರದಲ್ಲಿರುತ್ತಾನೆ. ಹಿಂದೆ ವಡಾಪಾವ್ ಗಾಡಿ, ಅದರ ಹಿಂದೆ ಚಾಳಿನ ಕಿಟಕಿ. ತಪ್ಪಿದ ಗುಂಡು ಅಲ್ಲಿಗೆ ಹೋಗುತ್ತದೆ.

ಒಯ್ಯುವ ನಿಯಮವೂ ಸಡಿಲವಲ್ಲ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ರಿವಾಲ್ವರ್ ಅದಕ್ಕೆಂದೇ ಮಾಡಿದ ಕವಚದಲ್ಲಿ ಅಥವಾ ಅಂಥ ಚೀಲದಲ್ಲಿ, ಪೂರ್ತಿ ಮುಚ್ಚಿರಬೇಕು. ತೋರಿಸಿ ಹೆದರಿಸಿದರೆ ಲೈಸೆನ್ಸೇ ಹೋಗುತ್ತದೆ. ಸಂಭ್ರಮಕ್ಕೆಂದು ಗಾಳಿಯಲ್ಲಿ ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷದವರೆಗೆ ದಂಡ, ಅಥವಾ ಎರಡೂ. ಹೋಟೆಲಿನಲ್ಲಿ ಬಿಟ್ಟುಬರುವಂತಿಲ್ಲ, ಮನೆಯಲ್ಲಿ ಮಗನ ಕೈಗೆ ಸಿಗುವಂತಿಲ್ಲ. ನನ್ನ ಕೆಲಸದ ಕಾಲದಲ್ಲಿ ರಿಪೇರಿಗೆ ಬಂದ ಆಯುಧಗಳ ಜೊತೆ "ಖಾಲಿ ಇದೆ ಸಾಬ್" ಎಂಬ ಮಾತೂ ಬರುತ್ತಿತ್ತು. ಒಮ್ಮೆಯೂ ನಂಬಲಿಲ್ಲ, ಪ್ರತಿಸಲ ತೆರೆದು ಬೆರಳು ಹಾಕಿ ನೋಡಿದೆ. ನಾಲ್ಕು ಸಲ ಗುಂಡು ಸಿಕ್ಕಿತು. ನೀವು ಈ ಸಾಮಾನನ್ನು ದಿನವೂ ಸೊಂಟಕ್ಕೆ ಕಟ್ಟಿಕೊಂಡು ಬಿಸಿ ಸಾಂಬಾರಿನ ಪಾತ್ರೆಗಳ ಮಧ್ಯೆ ಓಡಾಡುವುದನ್ನು ನೆನೆದರೆ ನನಗೇ ಮೈ ಬೆವರುತ್ತದೆ. ನನ್ನ ಸಲಹೆ, ಬೇಡ.

ಕೊನೆಗೆ ಅಪ್ಪನ ಕೋವಿ. ಇದರಲ್ಲಿ ಮಾತ್ರ ತಪ್ಪು ಹೆಜ್ಜೆ ಇಡಲೇಬೇಡಿ. ಬಟ್ಟೆಯಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕಿ ತರುವ ಯೋಚನೆ ನಿಮ್ಮದಲ್ಲದಿರಲಿ. ಅಪ್ಪನ ಲೈಸೆನ್ಸ್ ಅಪ್ಪನದು, ನಿಮ್ಮ ಕೈಯಲ್ಲಿ ಅದು ಲೈಸೆನ್ಸಿಲ್ಲದ ಬಂದೂಕು. ಅದಕ್ಕೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಎರಡರಿಂದ ಐದು ವರ್ಷ. ನಮ್ಮ ಕಡೆಯ ಕೋವಿಗಳಲ್ಲಿ ಹೆಚ್ಚಿನವು ಬೆಳೆ ರಕ್ಷಣೆಗೆಂದು ಕೊಟ್ಟವು: ಹಂದಿ, ಮಂಗಗಳಿಂದ ತೋಟ ಕಾಯಲು. ಅಂಥ ಲೈಸೆನ್ಸ್ ಜಮೀನಿಗೆ ಕಟ್ಟುಬಿದ್ದದ್ದು. ಜಮೀನು ಕುಂದಾಪುರದಲ್ಲಿ, ಕೋವಿ ಗೋರೆಗಾಂವ್‌ನಲ್ಲಿ ಎಂದರೆ ನಡೆಯುವುದಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನಿನವರಿಗೆ) ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಳಿ ಕರಾವಳಿಯ ಕೆಲವರು ನಮಗೂ ಇದೆ ಎಂದುಕೊಳ್ಳುತ್ತಾರೆ. ಇಲ್ಲ. ಅದು ಕೊಡಗಿನದು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ ಎಂಬ ನೋಟಿಸೂ ಬರುತ್ತದೆ, ಆ ರಸೀದಿಯನ್ನು ಜೋಪಾನವಾಗಿಡಲು ಅಪ್ಪನಿಗೆ ಹೇಳಿ.

ಅಪ್ಪನಿಗೆ 70 ದಾಟಿದ್ದರೆ, ಅಥವಾ ಕೋವಿ ಅವರ ಹೆಸರಿನಲ್ಲಿ 25 ವರ್ಷ ಕಳೆದಿದ್ದರೆ, ಅವರು ಇರುವಾಗಲೇ ಕಾನೂನುಬದ್ಧ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಊರಿನಲ್ಲಿ ತೋಟ ನೋಡಿಕೊಳ್ಳುವ ತಮ್ಮ ಇದ್ದರೆ ಅವನ ಹೆಸರಿಗೆ ಮಾಡಿಸಿ, ನಿಮ್ಮ ಹೆಸರಿಗೆ ಬೇಡ. ಅದು ಕೇಪಿನ ಕೋವಿಯೋ (ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪಿನ ಕಿಡಿಯಿಂದ ಹಾರಿಸುವುದು) ತೋಟೆ ಕೋವಿಯೋ (ಸಿದ್ಧ ತೋಟೆ ಹಾಕುವುದು) ನೀವು ಬರೆದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಲೈಸೆನ್ಸ್ ಪುಸ್ತಕದಲ್ಲಿರುವ ಕೋವಿಯ ನಂಬರೂ ನಳಿಗೆಯ ಮೇಲೆ ಕೊರೆದಿರುವ ನಂಬರೂ ಒಂದೇ ಇದೆಯೇ ನೋಡಿ. ನೋಡುವ ಮೊದಲು ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯ) ಕೆಳಗೆ ಕೇಪು ಇಲ್ಲವೆಂದು, ತೋಟೆ ಕೋವಿಯಾದರೆ ಮಡಚಿ ಒಳಗೆ ತೋಟೆ ಇಲ್ಲವೆಂದು ಅಪ್ಪನ ಕೈಯಿಂದಲೇ ತೆಗೆಸಿ ನೋಡಿ. ನಂಬರು ಹೊಂದದಿದ್ದರೆ ಠಾಣೆಗೆ ಹೋಗುವ ಮೊದಲು ವಕೀಲರನ್ನು ಕಾಣಿ.